ಬಾವಿ ಪಾರ್ಕಿನ ನಮ್ಮತ್ತೆ

ನಮ್ಮತ್ತೆಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಮದುವೆಯಾಗಿ ಬಂದ ವರ್ಷದಿಂದ ಕುದಿಯುವ ನೀರಿಗೆ ಕೈಯಿಟ್ಟು ರೇಷ್ಮೆಗೂಡಿನ ನೂಲು ಬಿಚ್ಚಿದ ಬೆರಳುಗಳು ಅವು. ಬೆಂದು ಬೆಂದು ಬೆಳ್ಳಗಾಗಿ, ಹಿತುಕಿದ ಅವರೆಕಾಳಿನ ಹಾಗೆ ನುಣ್ಣಗೆ ಹೊಳೆಯುತ್ತಿದ್ದವು. ಮುಂದೆ ಮಾವ ನೂಲಿನ ವ್ಯಾಪಾರಕ್ಕೆ ಇಳಿದು, ಮನೆಯಲ್ಲಿ ಒಲೆಯ ಮುಂದೆ ಕೂರುವ ಆ ಕೆಲಸ ನಿಂತಿತು. ಆದರೆ ಬೆರಳಿನ ಗೆರೆಗಳು ಮತ್ತೆ ಬರಲಿಲ್ಲ.

ನನ್ನ ತವರು ಯಳಂದೂರಿನ ಹತ್ತಿರದ ಮಾಂಬಳ್ಳಿ. ಕೊಳ್ಳೇಗಾಲಕ್ಕೆ ಎತ್ತಿನ ಗಾಡಿಯಲ್ಲಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಸೇರಬಹುದು. ಆದರೂ ಅದು ಬೇರೆ ರಾಜ್ಯ. ನಮ್ಮದು ಮಹಾರಾಜರ ಮೈಸೂರು ಸೀಮೆ, ಕೊಳ್ಳೇಗಾಲ ಆಗ ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆ. ಕಚೇರಿಯ ಕಾಗದಗಳೆಲ್ಲ ತಮಿಳಿನಲ್ಲಿ ಬರುತ್ತಿದ್ದವು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಆ ಮನೆಯಲ್ಲಿ ಮಾತೇ ಕಮ್ಮಿ. ಮಾವ ಒಳಗೆ ಬಂದರೆ ನಾವು ಹೆಂಗಸರು ಬಾಗಿಲ ಹಿಂದೆ ಸರಿಯಬೇಕು. ಅವರು ಏನಾದರೂ ಕೇಳಿದರೆ ಅಲ್ಲಿಂದಲೇ ಉತ್ತರ, ಅದೂ ಅತ್ತೆಯ ಬಾಯಿಂದ. ನನ್ನ ಗಂಡ ಹಗಲೆಲ್ಲ ಅಂಗಡಿಯಲ್ಲಿರುತ್ತಿದ್ದರು. ಒಂದು ತಿಂಗಳು ಕಳೆಯುವುದರೊಳಗೆ ನಾನು ಒಣಗಿದ ಸೊಪ್ಪಿನಂತೆ ಆಗಿಬಿಟ್ಟಿದ್ದೆ.

ಅದು ಅತ್ತೆಯ ಕಣ್ಣಿಗೆ ಬಿತ್ತು. ಒಂದು ಸಂಜೆ ಅಡುಗೆಮನೆಗೆ ಬಂದು ನನ್ನ ಮಣಿಕಟ್ಟು ಹಿಡಿದು, "ಒಳ್ಳೆ ಸೀರೆ ಉಟ್ಕ ಮಗ. ಪಾರ್ಕ್‌ಗೆ ಓಗ್ಬುಟ್ಟು ಬರಾನ," ಅಂದರು.

ಪಾರ್ಕು ಅಂದರೆ ದೊಡ್ಡದೇನಲ್ಲ. ನಮ್ಮ ಬೀದಿಯ ಕೊನೆಯಲ್ಲಿ ತಂತಿ ಬೇಲಿ ಹಾಕಿದ ಸಣ್ಣ ಜಾಗ. ಒಳಗೆ ಬೇವಿನ ಮರಗಳು, ಪಂಚಾಯಿತಿಯವರು ಹಾಕಿಸಿದ ಕಲ್ಲು ಬೆಂಚುಗಳು, ಮೂಲೆಯಲ್ಲಿ ಒಂದು ಹಳೆಯ ಬಾವಿ. ಅದಕ್ಕೇ ಎಲ್ಲರೂ ಬಾವಿ ಪಾರ್ಕು ಅನ್ನುತ್ತಿದ್ದರು. ಸಂಜೆಯಾದರೆ ಅದು ಗಂಡಸರದು. ಒಬ್ಬರು ಪೇಪರಿನಿಂದ ಯುದ್ಧದ ಸುದ್ದಿ ಗಟ್ಟಿಯಾಗಿ ಓದುವರು, ಉಳಿದವರು ಕೇಳುವರು. ಇನ್ನೊಂದು ಕಡೆ ನೆಲದ ಮೇಲೆ ಗೆರೆ ಎಳೆದು ಆಡು ಹುಲಿ ಆಟ. ಹೆಂಗಸರು ಬೇಲಿಯ ಆಚೆ ತಲೆ ತಗ್ಗಿಸಿ ನಡೆದುಹೋಗುವರು. ಒಳಗೆ ಬರಬೇಡಿ ಎಂದು ಯಾರೂ ಬೋರ್ಡು ಹಾಕಿರಲಿಲ್ಲ. ಹಾಕುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಅತ್ತೆ ನೇರವಾಗಿ ಒಳಗೆ ಹೋಗಿ ಬಾವಿಯ ಪಕ್ಕದ ಬೆಂಚಿನ ಮೇಲೆ ಕೂತರು. ನನ್ನನ್ನೂ ಕೂರಿಸಿಕೊಂಡರು. ಪೇಪರು ಓದುವುದು ನಿಂತಿತು. ಪೇಪರು ಹಿಡಿದಿದ್ದ ಮುದುಕರು ಕೆಮ್ಮಿ, "ಏನ್ ತಾಯಿ, ಯಾರಾದ್ರೂ ಬರೋರಿದ್ರಾ?" ಎಂದು ಕೇಳಿದರು.

"ಬಂದಾಯ್ತಲ್ಲಪ್ಪ, ನಾವೇ," ಅಂದರು ಅತ್ತೆ. "ಓದು, ಓದು. ನಾವೂ ಕೇಳ್ತೀವಿ. ಆ ಇಟ್ಲರು ಎಲ್ಲಿಗೆ ಬಂದ?"

ಮುದುಕರು ನಕ್ಕರು. ಓದು ಮತ್ತೆ ಶುರುವಾಯಿತು. ನಾನು ಮಾತ್ರ ಸೆರಗು ಎಳೆದುಕೊಂಡು ಅತ್ತೆಗೆ ಒತ್ತಿಕೊಂಡು ಕೂತೆ. ಅತ್ತೆ ಮೊದಲಿನಿಂದಲೂ ಹಾಗೆ ಒಬ್ಬರೇ ಬಂದು ಕೂರುತ್ತಿದ್ದರಂತೆ. ವಾರಕ್ಕೊಮ್ಮೆ ಬಂದು ಹೋಗುವ ಮುದುಕಿ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಎಳೆಯ ಸೊಸೆಯನ್ನು ಕರೆತಂದದ್ದು ಅದೇ ಮೊದಲು.

ಆಮೇಲಾಮೇಲೆ ದಿನವೂ ಹೋಗುವುದು ರೂಢಿಯಾಯಿತು. ಅಲ್ಲಿ ಕೂತರೆ ಅತ್ತೆಯ ನಾಲಿಗೆ ಸಡಿಲವಾಗುತ್ತಿತ್ತು. ಯಾವ ಜಾಗ ಕಂಡರೂ ಅವರು ಕೇಳುತ್ತಿದ್ದ ಮೊದಲ ಮಾತು, "ಇದು ಮೊದ್ಲು ಏನಾಗಿತ್ತು?" ಊರೊಳಗೆ ಬಯಲು ಅಂತ ಒಂದು ಉಳಿದಿದ್ದರೆ ಅದು ಸುಮ್ಮನೆ ಉಳಿದದ್ದಲ್ಲ ಎಂಬುದು ಅವರ ನಂಬಿಕೆ. "ಮನೆ ಕಟ್ಟದೆ ಬುಟ್ಟವ್ರೆ ಅಂದ್ರೆ ಅಲ್ಲಿ ಯಾರೋ ಏನೋ ಬುಟ್ಟೋಗವ್ರೆ ಕಣವ್ವ," ಅನ್ನುತ್ತಿದ್ದರು.

ಅತ್ತೆಯ ಜೊತೆ ನನ್ನ ತವರಿಗೆ ಹೋಗುವಾಗಲೆಲ್ಲ ಯಳಂದೂರಿನಲ್ಲಿ ಗಾಡಿ ನಿಲ್ಲಿಸಿ, ಗುಡಿಯ ಮುಂದಿನ ಬಳೆ ಮಂಟಪದಿಂದ ಸ್ವಲ್ಪ ದೂರದಲ್ಲಿದ್ದ ಪುಟ್ಟ ಹೂದೋಟಕ್ಕೆ ಹೋಗಲೇಬೇಕು. ಅಲ್ಲಿಯ ಮಾಲಿ ಸಿಡುಕ. "ಊವು ಮುಟ್ಬೇಡಿ, ಉಲ್ಲು ತುಳೀಬೇಡಿ," ಎಂದು ನಮ್ಮ ಹಿಂದೆಯೇ ಸುತ್ತುತ್ತಿದ್ದ. ಅತ್ತೆ ಕೇಳಿದರು, "ಇದು ಮೊದ್ಲು ಏನಾಗಿತ್ತಪ್ಪ?" ಅವನು, "ಮೊದ್ಲೂ ತೋಟ್ವೇ, ಈಗ್ಲೂ ತೋಟ್ವೇ," ಎಂದು ರೇಗಿದ. ಅತ್ತೆ ಅಷ್ಟಕ್ಕೆ ಬಿಡುವವರಲ್ಲ. ಬೇಲಿಯ ಹತ್ತಿರ ಸೊಪ್ಪು ಮಾರುತ್ತಿದ್ದ ಹಣ್ಣುಹಣ್ಣು ಮುದುಕಿಯ ಪಕ್ಕ ಹೋಗಿ ಕೂತರು. ಪಾಳೇಗಾರರ ಕಾಲದಲ್ಲಿ ಅಲ್ಲಿ ಆನೆ ಕಟ್ಟುತ್ತಿದ್ದರಂತೆ, ಆನೆಯ ಲದ್ದಿ ಬಿದ್ದೂ ಬಿದ್ದೂ ಆ ಮಣ್ಣು ಅಷ್ಟು ಹದವಾಗಿದೆಯಂತೆ. ನಿಜವೋ ಸುಳ್ಳೋ, ಅದನ್ನು ಕೇಳಿದ ಮೇಲೆ ಮಾಲಿಯ ಮುಖವೂ ಅರಳಿತು. ಮುಂದಿನ ಸಲ ನಾವು ಹೋದಾಗ ಅವನೇ ಬೇರೆಯವರಿಗೆ ಆನೆಯ ಕತೆ ಹೇಳುತ್ತಿದ್ದ.

ಹನೂರಿಗೆ ಮದುವೆಗೆಂದು ಹೋದಾಗಲೂ ಹಾಗೆಯೇ. ಅಲ್ಲಿಯ ಸರ್ಕಾರಿ ಬಂಗಲೆಯ ಪಕ್ಕದಲ್ಲಿ ಹುಣಸೆಮರದ ಸುತ್ತ ಕಟ್ಟೆ ಕಟ್ಟಿ, ನಾಲ್ಕು ಕಣಗಿಲೆ ಗಿಡ ನೆಟ್ಟಿದ್ದರು. ಅಲ್ಲಿಯ ಕಾವಲುಗಾರ ಪಾಲಾರಿನ ಕಡೆಯವನು, ಅರ್ಧ ತಮಿಳು, ಅರ್ಧ ಕನ್ನಡ. "ಉಕ್ಕಾರುಂಗಮ್ಮ, ಕೂತ್ಕಳಿ," ಎಂದು ಟವೆಲಿನಿಂದ ಕಟ್ಟೆ ಒರೆಸಿಕೊಟ್ಟ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ಹಿಂದೆ ಅಲ್ಲೇ ಬುತ್ತಿ ಬಿಚ್ಚುತ್ತಿದ್ದರಂತೆ. ಅವರು ತಿಂದು ಉಗಿದ ಬೀಜದಿಂದಲೇ ಆ ಹುಣಸೆ ಹುಟ್ಟಿತಂತೆ. ಅತ್ತೆ ಎದ್ದು ಮರ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಮದುವೆ ಮನೆಯಲ್ಲಿ ಊಟದ ಎಲೆ ಹಾಕಿದ್ದರು, ನಮ್ಮನ್ನು ಹುಡುಕಲು ಜನ ಬಂದಿದ್ದರು.

ಊರೂರಿನ ಕತೆ ಹೇಳುತ್ತಿದ್ದ ಅತ್ತೆ ನಮ್ಮ ಬಾವಿ ಪಾರ್ಕಿನ ಕತೆ ಹೇಳಿದ್ದು ತಡವಾಗಿ. ನಾನು ಬಸುರಿ ಎಂದು ಗೊತ್ತಾದ ದಿನ.

ಅವರು ಎಳೆಯ ಸೊಸೆಯಾಗಿದ್ದಾಗ ಊರಿಗೆ ಪ್ಲೇಗು ಬಂತು. ಮನೆಗಳಲ್ಲಿ ಇಲಿ ಸತ್ತು ಬಿದ್ದಕೂಡಲೇ ಜನ ಊರು ಬಿಟ್ಟು ಹೊರಗಡೆ ಗುಡಿಸಲು ಹಾಕಿಕೊಂಡರು. ಈಗಿನ ಪಾರ್ಕು ಆಗ ಊರಾಚೆಯ ಬಯಲು. ನಮ್ಮ ಬೀದಿಯವರೆಲ್ಲ ಇದ್ದದ್ದು ಅಲ್ಲಿಯೇ. ಅಲ್ಲಿ ನೀರಿರಲಿಲ್ಲ. ಕೆರೆಗೆ ಹೋಗಿ ಹೊತ್ತು ತರಬೇಕು. ಅತ್ತೆಗೆ ಆಗ ಒಂದು ಹೆಣ್ಣು ಕೂಸು, ಇನ್ನೂ ನಡೆಯಲು ಕಲಿತಿರಲಿಲ್ಲ. ಅದಕ್ಕೆ ಜ್ವರ ಬಂತು. ಮಾವ ನೂಲು ತೆಗೆದುಕೊಂಡು ಬೆಂಗಳೂರಿಗೆ ಹೋಗಿದ್ದರು.

"ನೀರಿಗೆ ಬಾಯ್ ಬಾಯ್ ಬುಡ್ತು ಕೂಸು. ಗಡಿಗೇಲಿ ಒಂದು ಗುಟುಕು ಇರ್ಲಿಲ್ಲ. ಪಕ್ಕದ ಗುಡ್ಲಲ್ಲಿ ಬುಟ್ಬುಟ್ಟು ಕೆರೆಗೆ ಓಡ್ದೆ. ಬರೋ ಒತ್ಗೆ ಓಗ್ಬುಟ್ಟಿತ್ತು." ಅತ್ತೆ ಇದನ್ನು ಅಳದೆ ಹೇಳಿದರು. "ಮಣ್ಣು ಮಾಡ್ಬುಟ್ಟು ಬಂದು, ಮಾರ್ನೆ ದಿನ ನಾನೇ ಗುದ್ಲಿ ತಕಂಡೆ. ಪ್ಲೇಗು ಅಂತ ಕೂಲಿಯೋರು ಯಾರೂ ಬತ್ತಿರ್ಲಿಲ್ಲ. ನಾನು ಅಗೆಯೋದ್ ನೋಡಿ ಒಬ್ಬೊಬ್ರೇ ಎಂಗಸ್ರು ಬಂದ್ರು. ಮುದುಕ್ರು ಅಗುದ್ರು, ನಾವು ಮಂಕ್ರೀಲಿ ಮಣ್ಣು ಒತ್ವಿ. ನೀರು ಬಂತು ಕಣವ್ವ. ಸೀ ನೀರು."

ಪ್ಲೇಗು ಕಳೆದು ಜನ ಮನೆಗಳಿಗೆ ಮರಳಿದರು. ಗುಡಿಸಲುಗಳು ಬಿದ್ದವು. ಬಾವಿ ಉಳಿಯಿತು, ಅದರ ಸುತ್ತ ಬೇವು ಬೆಳೆಯಿತು. ಊರು ಬೆಳೆದು ಬಯಲಿನವರೆಗೆ ಬಂದಾಗ ಪಂಚಾಯಿತಿಯವರು ಬೇಲಿ ಹಾಕಿ ಪಾರ್ಕು ಎಂದರು.

"ಮಾವ ಬಂದ್ಮೇಲೆ?" ಎಂದು ಕೇಳಿದೆ.

"ಏನೂ ಕೇಳ್ಲಿಲ್ಲ. ನಾನೂ ಏಳ್ಲಿಲ್ಲ," ಎಂದು ಎದ್ದು ಸೀರೆ ಕೊಡವಿಕೊಂಡರು.

ನನ್ನ ಮಗ ಹುಟ್ಟಿ ತೆವಳುವ ಹೊತ್ತಿಗೆ ಪಾರ್ಕಿಗೆ ಬರುವ ಹೆಂಗಸರು ಹೆಚ್ಚಿದ್ದರು. ನೇಕಾರರ ಬೀದಿಯವರು, ಅಕ್ಕಪಕ್ಕದ ಸೊಸೆಯರು, ಮಕ್ಕಳು. ಅದೇ ವರ್ಷ ಬಾವಿಗೆ ಒಂದು ಮೇಕೆ ಬಿತ್ತು. ಕಟ್ಟೆ ಕುಸಿದು ನೆಲದ ಮಟ್ಟಕ್ಕೆ ಬಂದಿತ್ತು. ಬಾವಿ ಮುಚ್ಚಿಸುತ್ತೇವೆ ಎಂದು ಪಂಚಾಯಿತಿಯವರು ಮಣ್ಣು ತರಿಸಿ ರಾಶಿ ಹಾಕಿಸಿದರು. ಅತ್ತೆ ಅಂದು ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದವರೇ ನನ್ನನ್ನೂ ಕರೆದುಕೊಂಡು ನಮ್ಮ ಬೀದಿಯ ಮೆಂಬರನ್ನು ನೋಡಲು ಹೋದರು. ಅವರು ಒಳ್ಳೆಯ ಮನುಷ್ಯ. ಎದ್ದು ನಿಂತು ಮಾತಾಡಿಸಿದರು.

"ಅವ್ವಾ, ಈವತ್ತು ಮೇಕೆ ಬಿದ್ದದೆ. ನಾಳೆ ಮಗು ಬಿದ್ರೆ ಯಾರ್ ಜವಾಬ್ದಾರಿ? ನೀವೇ ಏಳಿ."

ಅತ್ತೆ ಜಗಳವಾಡುತ್ತಾರೆ ಎಂದು ನಾನು ಅಂದುಕೊಂಡಿದ್ದೆ. "ನಿನ್ ಮಾತು ನಿಜ ಕಣಪ್ಪ. ಮಗು ಬೀಳ್ಕೂಡ್ದು," ಅಂದರು. "ಕಟ್ಟೆ ಎತ್ತರ್ಸುದ್ರೆ ಬೀಳಲ್ವಲ್ಲ? ನೀನು ಕಲ್ಲು ಗಾರೆ ಕೊಡ್ಸು. ಮಂಕ್ರಿ ಒರೋದು ನಾವ್ ಒರ್ತೀವಿ. ಆಗ್ಲೂ ನಾವೇ ಒತ್ತಿದ್ದು."

ಮೆಂಬರು ಒಪ್ಪಿದರು. ಒಪ್ಪದವರು ಮನೆಯಲ್ಲಿದ್ದರು. ವಿಷಯ ಕೇಳಿ ಮಾವ ಕೂಗಾಡಿದರು. "ನಮ್ ಮನೆ ಎಂಗಸ್ರು ಬೀದೀಲಿ ಮಂಕ್ರಿ ಒರಬೇಕಾ? ಮುಚ್ಲಿ ಬುಡು! ಆ ಆಳು ಬಾವಿ ಮುಚ್ಚೋದ್ರೆ ನಂಗೆ ನೆಮ್ದಿ!"

ಅತ್ತೆ ಬಾಗಿಲ ಹಿಂದಿನಿಂದ ಹೊರಗೆ ಬಂದು ಅವರ ಎದುರು ನಿಂತರು. ಹಾಗೆ ನಿಂತದ್ದನ್ನು ನಾನು ಮೊದಲ ಸಲ ನೋಡಿದೆ. "ನಿಮ್ ಮಾತು ಯಾವತ್ತೂ ಮೀರಿಲ್ಲ. ಇದೊಂದ್ ಮೀರ್ತೀನಿ," ಅಂದರು, ಅಷ್ಟೇ. ದನಿ ಏರಿಸಲಿಲ್ಲ.

ಮಾರನೆಯ ದಿನ ನಾವು ಹೋದೆವು. ಪ್ಲೇಗಿನ ವರ್ಷ ಮಣ್ಣು ಹೊತ್ತವರಲ್ಲಿ ಬದುಕಿದ್ದ ಮುದುಕಿಯರು ಬಂದರು. ಒಬ್ಬಾಕೆಯನ್ನು ಶಾಗ್ಯ ಹಳ್ಳಿಯಿಂದ ಮೊಮ್ಮಗ ಗಾಡಿಯಲ್ಲಿ ಕರೆತಂದಿದ್ದ. ಆಕೆಗೆ ಹೊರಲು ಆಗುತ್ತಿರಲಿಲ್ಲ, ಬೆಂಚಿನ ಮೇಲೆ ಕೂತು ನಮ್ಮನ್ನೆಲ್ಲ ಬೈಯುತ್ತ ಕೆಲಸ ಮಾಡಿಸಿದಳು. ಪೇಪರು ಓದುವ ಮುದುಕರು ಮೊದಲು ನೋಡುತ್ತ ಕೂತಿದ್ದು, ಆಮೇಲೆ ಪಂಚೆ ಎತ್ತಿ ಕಟ್ಟಿ ಕಲ್ಲು ಎತ್ತಿಕೊಟ್ಟರು. ನಾನೂ ಗಾರೆ ಮಂಕರಿ ಹೊತ್ತೆ. ಸೀರೆಯೆಲ್ಲ ಸುಣ್ಣ. ಅತ್ತೆ ನನ್ನನ್ನು ನೋಡಿ ಬಾಯಿ ತುಂಬ ನಕ್ಕದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಕಟ್ಟೆ ಎದ್ದಿತು, ಮೇಲೆ ಕಬ್ಬಿಣದ ಜಾಲರಿ ಬಂತು. ಆಮೇಲೆ ಪಾರ್ಕಿಗೆ ಯಾರೋ ದೊಡ್ಡವರ ಹೆಸರಿಟ್ಟು ಕಲ್ಲು ನಿಲ್ಲಿಸಿದರು. ನನಗೆ ಸಿಟ್ಟು ಬಂದಿತ್ತು. ಅತ್ತೆ, "ಎಸ್ರು ಯಾರ್ದಾದ್ರೂ ಇರ್ಲಿ ಬುಡು, ನೀರಿದ್ರೆ ಸಾಕು," ಅಂದರು. ಅಷ್ಟೆಲ್ಲ ಆದರೂ ಮಾವ ಮಾತ್ರ ಆ ಕಡೆ ಒಂದು ಸಲವೂ ಬರಲಿಲ್ಲ. ಅಂಗಡಿಗೆ ಹೋಗಲು ಅದೇ ಹತ್ತಿರದ ದಾರಿಯಾದರೂ ಸುತ್ತಿ ಬೇರೆ ಬೀದಿಯಲ್ಲಿ ಹೋಗುತ್ತಿದ್ದರು. ಮಾನದ ಪ್ರಶ್ನೆ ಎಂದು ನಾನು ತಿಳಿದಿದ್ದೆ.

ಕೊಳ್ಳೇಗಾಲ ಮೈಸೂರಿಗೆ ಸೇರುತ್ತದೆ ಎಂಬ ಮಾತು ಊರಲ್ಲೆಲ್ಲ ಓಡಾಡುತ್ತಿದ್ದ ಕಾಲದಲ್ಲಿ ಅತ್ತೆ ತೀರಿಕೊಂಡರು. "ಸೇರ್ಲಿ, ನಿನ್ ತವ್ರೂ ನಮ್ಮೂರೂ ಒಂದಾಯ್ತವೆ," ಎಂದು ಹಾಸಿಗೆಯಲ್ಲೇ ನಗುತ್ತಿದ್ದರು. ಅದನ್ನು ನೋಡಲು ಅವರು ಉಳಿಯಲಿಲ್ಲ. ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದೆ, ಸಾಕು ಎಂದು ಕೈ ಅಡ್ಡ ಹಿಡಿದರು, ಹಾಗೇ ಹೋದರು. ಹೊಲದಲ್ಲಿ ಸಮಾಧಿ ಮಾಡಿದೆವು. ಬಾವಿ ಪಾರ್ಕಿನ ಹೆಂಗಸರೆಲ್ಲ ಹೊಲದವರೆಗೆ ನಡೆದು ಬಂದರು.

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ಮಾವ ತೊಟ್ಟಿ ಅಂಗಳದ ಕಂಬಕ್ಕೆ ಒರಗಿ ಕೂತಿದ್ದರು. ನಾನು ನೀರಿಟ್ಟು ಹಿಂದೆ ಸರಿಯುತ್ತಿದ್ದೆ.

"ನಿಮ್ಮತ್ತೆ ದಿನಾ ಅಲ್ಲಿ ಕೂತ್ಕಂಡು ಏನ್ ಮಾತಾಡ್ತಿದ್ಲು?" ಅಂದರು.

ಉತ್ತರ ಹೇಳುವ ಅತ್ತೆ ಇರಲಿಲ್ಲ. ನಾನೇ ಹೇಳಿದೆ: "ಊರಿನ ಇಚಾರ ಮಾವ."

"ಕೂಸಿನ ಇಚಾರ?"

"ಅದ್ನೂ ಏಳ್ತಿದ್ರು."

ಮಾವ ನೆಲ ನೋಡಿದರು. "ನಾನ್ ಬೆಂಗ್ಳೂರಿಂದ ಬರೋ ಒತ್ಗೆ ಮಣ್ಣೂ ಮಾಡ್ಬುಟ್ಟಿದ್ರು. ಆವತ್ತಿಂದ ನಂಗೆ ಆ ಕಡೆ ಕಾಲೇ ಬರ್ಲಿಲ್ಲ. ಆ ಬಾವಿ ಕಣ್ಣಿಗೆ ಬೀಳ್ದಿದ್ರೆ ಸಾಕು ಅಂತಿದ್ದೆ. ಅವ್ಳು ನೋಡುದ್ರೆ ಅಲ್ಲೇ ಓಗಿ ಕೂತ್ಕತಿದ್ಲು. ನಂಗ್ ಒಂದಿನಾನೂ ಏನೂ ಏಳ್ಲಿಲ್ಲ."

"ನೀವು ಕೇಳ್ಲಿಲ್ವಲ್ಲ ಮಾವ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಆ ಮನೆಗೆ ಬಂದು ಅಷ್ಟು ವರ್ಷವಾಗಿತ್ತು, ಅವರ ಮುಖವನ್ನು ನಾನು ನೇರವಾಗಿ ನೋಡಿದ್ದು ಆಗಲೇ ಮೊದಲು.

"ಊಂ. ಕೇಳ್ಲಿಲ್ಲ," ಅಂದರು. ನೀರಿನ ಚೊಂಬು ಪಕ್ಕಕ್ಕೆ ಸರಿಸಿ, "ಈಗ ಕೇಳ್ತಿವ್ನಿ. ಏಳವ್ವ."

ನಾನು ಕಂಬದ ಈಚೆ ಕೂತುಕೊಂಡೆ. ಮಾವನ ಎದುರು ಕೂತು ಬಾಯಿ ಬಿಟ್ಟು ಮಾತಾಡುವ ಸೊಸೆಯನ್ನು ಆ ಮನೆಗೆ ಕೊಟ್ಟುಹೋದವರು ನಮ್ಮತ್ತೆ. ಅವರಿಂದ ನಾನು ಪಡೆದದ್ದು ಅದು, ತೀರಿಸಲು ಆಗದ್ದೂ ಅದೇ. ಬೇವಿನ ಮರದ ಕೆಳಗೆ ಅಷ್ಟು ವರ್ಷ ಕೇಳಿದ್ದನ್ನೆಲ್ಲ ಹೇಳಿದೆ. ಕೂಸು ಮೇಕೆ ಕಂಡರೆ ಕೈ ಬಡಿಯುತ್ತಿದ್ದದ್ದು, ನಿದ್ದೆಯಲ್ಲಿ ಅದರ ತಲೆ ಬೆವರುತ್ತಿದ್ದದ್ದು, ನಕ್ಕರೆ ಬಲಗೆನ್ನೆಯಲ್ಲಿ ಗುಳಿ ಬೀಳುತ್ತಿದ್ದದ್ದು.

"ಬಲಗೆನ್ನೆ ಅಲ್ಲ," ಅಂದರು ಮಾವ. "ಎಡಗೆನ್ನೇಲಿ."