ಟೀಚರಮ್ಮ ನಮ್ಮ ಸೋಫಾ ಮೇಲೆ

ಈ ವರ್ಷದ ಶುರುವಿನಲ್ಲಿ ಒಂದು ಮಂಗಳವಾರ ಬೆಳಗ್ಗೆ ನನ್ನ ಮಗಳು ನಿಧಿ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. ಮುಖದಲ್ಲಿ ಭೂಕಂಪದ ಕಳೆ. (ಕ್ಯಾಲಿಫೋರ್ನಿಯಾದಲ್ಲಿ ಇದ್ದೇವಲ್ಲ, ಮೊದಲು ಹೊಳೆಯುವುದು ಅದೇ.) ಭೂಕಂಪವಾಗಿರಲಿಲ್ಲ. ಅದಕ್ಕಿಂತ ದೊಡ್ಡದು.

“ಅಮ್ಮಾ, ಮಿಸ್ ಡೆಲ್ಗಾಡೊ ನಮ್ಮ ಬಾತ್‌ರೂಮಲ್ಲಿ ಹಲ್ಲುಜ್ತಿದ್ದಾರೆ,” ಅಂದಳು ಪಿಸುದನಿಯಲ್ಲಿ.

ಹೌದು, ಉಜ್ಜುತ್ತಿದ್ದರು. ಟೀಚರುಗಳೂ ಹಲ್ಲುಜ್ಜುತ್ತಾರೆ. ಇದನ್ನು ನಾಲ್ಕನೇ ಕ್ಲಾಸಿನ ಮಗುವಿಗೆ ನಂಬಿಸುವುದು ಎಷ್ಟು ಕಷ್ಟ ಗೊತ್ತೇ? ಮಕ್ಕಳ ಪ್ರಕಾರ ಟೀಚರು ಎಂದರೆ ಸಂಜೆ ಬೆಲ್ಲು ಹೊಡೆದ ಮೇಲೆ ಕ್ಲಾಸಿನ ಬೀರುವಿನೊಳಗೆ ಸೇರಿಕೊಂಡು ಬೆಳಗ್ಗೆ ಇಸ್ತ್ರಿ ಸಮೇತ ಹೊರಬರುವ ಪ್ರಾಣಿ. ಅಂಥ ಪ್ರಾಣಿ ನಮ್ಮ ಸನಿವೇಲ್ ಅಪಾರ್ಟ್‌ಮೆಂಟಿನ ಸೋಫಾ ಮೇಲೆ ಮಲಗಿ ಎದ್ದು, ನಮ್ಮ ಟವೆಲು ಹೆಗಲಿಗೆ ಹಾಕಿಕೊಂಡು ಓಡಾಡಿದರೆ ಮಗುವಿನ ಗತಿಯೇನು?

ನಿಧಿಯ ಗತಿ ಆಮೇಲೆ ನೋಡೋಣ. ಟೀಚರು ನಮ್ಮ ಸೋಫಾಗೆ ಬಂದ ಕತೆ ಮೊದಲು.

ಇಲ್ಲಿ ನಾಲ್ಕನೇ ಕ್ಲಾಸಿನವರಿಗೆ ಕ್ಯಾಲಿಫೋರ್ನಿಯಾದ ಚರಿತ್ರೆ ಇರುತ್ತದೆ. ಚಿನ್ನದ ಆಸೆಗೆ ಜನ ಓಡಿಬಂದದ್ದು, ಡೇರೆ ಹಾಕಿದ್ದು, ಊರು ಕಟ್ಟಿದ್ದು. ಊರು ಎಂದರೆ ಮೊದಲು ಹೆಂಡದಂಗಡಿ, ಆಮೇಲೆ ಜೈಲು, ತೀರಾ ನಾಚಿಕೆಯಾದಾಗ ಒಂದು ಶಾಲೆ. ಒಂದೇ ಕೋಣೆ, ಒಂದೇ ಒಲೆ, ಆರು ವರ್ಷದ ಮಗುವಿನಿಂದ ಮೀಸೆ ಬಂದ ಹುಡುಗನವರೆಗೆ ಎಲ್ಲರೂ ಅದರೊಳಗೆ. ಪಾಠ ಹೇಳುವವಳು ಎಷ್ಟೋ ಕಡೆ ಹದಿನೆಂಟು ದಾಟದ ಹುಡುಗಿ. ಅವಳಿಗೆ ಸಂಬಳ ಅಷ್ಟಕ್ಕಷ್ಟೆ. ಹಾಗಾಗಿ ಊರವರು ಒಂದು ಉಪಾಯ ಮಾಡಿದರು. ಈ ವಾರ ಇವರ ಮನೆಯಲ್ಲಿ ಊಟ, ಹಾಸಿಗೆ. ಮುಂದಿನ ವಾರ ಅವರ ಮನೆಯಲ್ಲಿ. ಟೀಚರು ತನ್ನ ಪೆಟ್ಟಿಗೆ ಹೊತ್ತುಕೊಂಡು ವರ್ಷವಿಡೀ ಮನೆಯಿಂದ ಮನೆಗೆ.

ಇದನ್ನೆಲ್ಲ ನಿಧಿ ಊಟದ ಹೊತ್ತಿಗೆ ನಮಗೆ ಹೇಳಿದ್ದಳು. ನನ್ನ ಗಂಡ ಮಂಜುನಾಥ ಹುಳಿ ಕಲಸುತ್ತ ನಕ್ಕಿದ್ದ. ಅವನು ಮಂಡ್ಯದವನು, ಈಗ ರೆಡ್‌ವುಡ್ ಸಿಟಿಯ ಒಂದು ಸ್ಟಾರ್ಟಪ್ಪಿನಲ್ಲಿದ್ದಾನೆ. ಅವರ ಕಂಪನಿ ಮಕ್ಕಳಿಗೆ ಇಂಟರ್‌ನೆಟ್ಟಿನಲ್ಲೇ ಪಾಠ ಹೇಳುವ ವೆಬ್‌ಸೈಟು ಮಾಡುತ್ತಿದೆ. ಇನ್ನು ಕೆಲವೇ ವರ್ಷ, ಆಮೇಲೆ ಶಾಲೆಯೇ ಬೇಡ, ಟೀಚರೂ ಬೇಡ ಎಂದು ಅವರ ಸಿಇಓ ಹೇಳುತ್ತಾನಂತೆ. (ಸಿಇಓಗೆ ಇನ್ನೂ ಮಕ್ಕಳಿಲ್ಲ.)

ಅದಾದ ಕೆಲವೇ ದಿನಕ್ಕೆ ನಿಧಿ ಸೈನ್ಸ್ ಪ್ರಾಜೆಕ್ಟಿನ ಡಬ್ಬ ಮನೆಯಲ್ಲೇ ಬಿಟ್ಟಿದ್ದಳು. ಅದನ್ನು ಕೊಡಲು ಬೆಳಗ್ಗೆ ಬೇಗ ಶಾಲೆಗೆ ಹೋದೆ. ಪಾರ್ಕಿಂಗಿನಲ್ಲಿ ಒಂದೇ ಕಾರು. ಒಳಗೆ ಸೀಟು ಹಿಂದಕ್ಕೆ ಮಲಗಿಸಿ, ಕೋಟು ಹೊದ್ದುಕೊಂಡು, ಬಾಯಿ ತೆರೆದು ಮಿಸ್ ಡೆಲ್ಗಾಡೊ ನಿದ್ದೆ ಮಾಡುತ್ತಿದ್ದರು.

ನಾನು ಗಾಜು ತಟ್ಟಿದೆ. ತಟ್ಟಬಾರದಿತ್ತು. ಅವರು ಬೆಚ್ಚಿ ಎದ್ದು, ನನ್ನನ್ನು ನೋಡಿ, ಕೂದಲು ಸರಿಮಾಡಿಕೊಂಡು, ಗುಡ್ ಮಾರ್ನಿಂಗ್ ಹೇಳಿದರು, ಕ್ಲಾಸಿನಲ್ಲಿ ಹೇಳುವ ಹಾಗೇ.

ವಿಷಯ ಆಮೇಲೆ ತಿಳಿಯಿತು. ಅವರು ಶಾಲೆಯ ಹತ್ತಿರವೇ ಬಾಡಿಗೆ ಕೋಣೆಯಲ್ಲಿದ್ದರು. ಮನೆಯವರು ಬಾಡಿಗೆ ಏರಿಸಿದರು, ಮತ್ತೆ ಏರಿಸಿದರು. ಆ ಕೋಣೆಗೆ ಈಗ ಮಂಜುನಾಥನದ್ದರಂಥದೇ ಕಂಪನಿಯ ಹುಡುಗನೊಬ್ಬ ಬಂದಿದ್ದಾನೆ. ಟೀಚರು ಗಿಲ್‌ರಾಯಿಗೆ, ತಂಗಿಯ ಮನೆಗೆ ಹೋದರು. ಬೆಳ್ಳುಳ್ಳಿ ಬೆಳೆಯುವ ಆ ಊರು ಇಲ್ಲಿಂದ ಬಹಳ ದೂರ. ಫ್ರೀವೇನಲ್ಲಿ ಟ್ರಾಫಿಕ್ಕು ತುಂಬುವ ಮೊದಲೇ ಹೊರಟು ಬರಬೇಕು. ಬಂದರೆ ಶಾಲೆಯ ಬಾಗಿಲು ತೆರೆದಿರುವುದಿಲ್ಲ. ಅದಕ್ಕೇ ಕಾರಿನಲ್ಲಿ ನಿದ್ದೆ.

ಪೇರೆಂಟ್ಸ್ ಮೀಟಿಂಗಿನಲ್ಲಿ ಈ ಮಾತು ಬಂತು. ಪ್ರಿನ್ಸಿಪಾಲರೇ ಎತ್ತಿದರು. ಟೀಚರುಗಳು ಬಿಟ್ಟುಹೋಗುತ್ತಿದ್ದಾರೆ, ಏನಾದರೂ ಮಾಡಬೇಕು ಎಂದರು. ನಮ್ಮ ಶಾಲೆಯ ಅಪ್ಪ ಅಮ್ಮಂದಿರ ಉದಾರ ಮನಸ್ಸನ್ನು ನೀವು ನೋಡಬೇಕಿತ್ತು. ಒಬ್ಬರು ಪ್ರತಿ ಡೆಸ್ಕಿಗೂ ಕಂಪ್ಯೂಟರು ಕೊಡಿಸುತ್ತೇನೆ ಅಂದರು. ಇನ್ನೊಬ್ಬರು ತಮ್ಮ ಕಂಪನಿಯ ಶೇರು ಟೀಚರುಗಳಿಗೂ ಸಿಗುವಂತೆ ಮಾತಾಡುತ್ತೇನೆ ಅಂದರು. ಮತ್ತೊಬ್ಬ ಮಹಾನುಭಾವ, ವಾರಕ್ಕೆರಡು ದಿನ ಟೀಚರು ಮನೆಯಿಂದಲೇ ಕೆಲಸ ಮಾಡಿದರೆ ಹೇಗೆ ಎಂದು ಕೇಳಿದ. ಮನೆ ಇಲ್ಲ ಅನ್ನುವುದೇ ಸಮಸ್ಯೆ ಎಂದು ಅವನಿಗೆ ಯಾರೂ ನೆನಪಿಸಲಿಲ್ಲ.

ನನ್ನ ಬಾಯಿ ಎಂದೂ ನನ್ನನ್ನು ಕೇಳಿ ತೆರೆಯುವುದಿಲ್ಲ. “ನಮ್ಮ ಮನೆಗೆ ಬರಲಿ,” ಅಂದುಬಿಟ್ಟೆ. “ಆ ಕಾಲದಲ್ಲಿ ಹಾಗೇ ತಾನೆ ಮಾಡ್ತಿದ್ದದ್ದು?”

ಎಲ್ಲರೂ ನಕ್ಕರು. ಮಿಸ್ ಡೆಲ್ಗಾಡೊ ನಗಲಿಲ್ಲ. ಮೀಟಿಂಗು ಮುಗಿದ ಮೇಲೆ ನನ್ನ ಹತ್ತಿರ ಬಂದು, ಮೆತ್ತಗೆ, ಇಂಗ್ಲಿಷಿನಲ್ಲಿ ಹೇಳಿದರು: “ಆ ಪಾಠ ನಾನು ಮಾಡ್ತೀನಿ. ಆ ಪಾಠ ನಾನೇ ಆಗೋದು ನನಗೆ ಬೇಡ.”

ಚುರುಕ್ ಅಂತು.

ಆಮೇಲೆ ಮಳೆ ಶುರುವಾಯಿತು. ಒಂದು ದಿನ ಸಂಜೆ ನಿಧಿಯನ್ನು ಕರೆದುಕೊಂಡು ಬರಲು ಹೋದಾಗ ಅವರ ಕಾರು ನೋಡಿದೆ. ಎಡಗಡೆಯ ಕನ್ನಡಿ ಕಿತ್ತುಹೋಗಿತ್ತು, ಬಾಗಿಲುದ್ದಕ್ಕೂ ಗೀರು. ಬೆಳಗ್ಗೆ ಫ್ರೀವೇನಲ್ಲಿ ಕಣ್ಣು ಹತ್ತಿ, ಡಿವೈಡರಿಗೆ ಉಜ್ಜಿಕೊಂಡು ಎಚ್ಚರಾಯಿತಂತೆ. ಹಾಗೇ ಬಂದು ಭಿನ್ನರಾಶಿ ಹೇಳಿಕೊಟ್ಟಿದ್ದಾರೆ. ಮಕ್ಕಳಿಗೆ ಸುಳಿವೂ ಸಿಕ್ಕಿಲ್ಲ. ಈಗ ಎಲ್ಲರೂ ಹೋದ ಮೇಲೆ ಬೀಗದ ಕೈ ಹಿಡಿದುಕೊಂಡು, ಬಾಗಿಲು ತೆರೆಯದೆ ಕಾರಿನ ಪಕ್ಕ ನಿಂತಿದ್ದರು.

“ನಿಮ್ಮ ಸೋಫಾ ಇನ್ನೂ ಇದೆಯಾ?” ಎಂದು ಕೇಳಿದರು.

ಹೀಗೆ, ಸೋಮವಾರದಿಂದ ಗುರುವಾರದವರೆಗೆ ಮಿಸ್ ಡೆಲ್ಗಾಡೊ ನಮ್ಮವರಾದರು.

ಮೊದಲ ವಾರ ಮನೆಯಲ್ಲಿ ಕರ್ಫ್ಯೂ. ಮಂಜುನಾಥ ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡು ಟಿವಿ ನೋಡಿದ. ನಿಧಿ ಹೇಳಿಸಿಕೊಳ್ಳದೆ ಹೋಮ್‌ವರ್ಕು ಮಾಡಿದಳು. “ನಮ್ಮಮ್ಮನಿಗೆ ಇಂಗ್ಲಿಷ್ ಓದಲು ಬರಲ್ಲ, ಅದಕ್ಕೇ ಹೋಮ್‌ವರ್ಕಿಗೆ ಸೈನ್ ಮಾಡಿಲ್ಲ” ಎಂದು ಅವಳು ಕ್ಲಾಸಿನಲ್ಲಿ ಹೇಳಿಕೊಂಡು ಬಂದಿದ್ದದ್ದು ಆಗಲೇ ಬಯಲಾಯಿತು. ಟೀಚರು ಮೊದಲ ದಿನವೇ ನಾನು ಇಂಗ್ಲಿಷ್ ಪೇಪರು ಓದುವುದನ್ನು ಕಂಡು, ನಿಧಿಯ ಕಡೆ ತಿರುಗಿ ಹುಬ್ಬೇರಿಸಿದರು.

ಮಂಜುನಾಥ ಒಂದು ಸಂಜೆ ಬಹಳ ಉಮೇದಿನಿಂದ ಲ್ಯಾಪ್‌ಟಾಪು ತಂದು ತಮ್ಮ ಕಂಪನಿಯ ಡೆಮೊ ತೋರಿಸಿದ. ಕನ್ನಡಕ ಹಾಕಿದ ಗೂಬೆಯೊಂದು ಗುಣಾಕಾರ ಹೇಳಿಕೊಡುತ್ತದೆ. ಗೂಬೆ ಎರಡನೇ ಮಗ್ಗಿ ಮುಗಿಸುವಷ್ಟರಲ್ಲಿ ಟೀಚರು ಕೂತಲ್ಲೇ ನಿದ್ದೆ ಹೋಗಿದ್ದರು. ಪ್ರಾಡಕ್ಟು ಕೆಲಸ ಮಾಡುತ್ತದೆ ಎಂದು ನಾನು ಅವನಿಗೆ ಸಮಾಧಾನ ಹೇಳಿದೆ.

ಸುದ್ದಿ ಹಬ್ಬಿತು. ಮಂಗಳೂರು ಕಡೆಯವಳಾದ, ಈಗ ಇಲ್ಲೇ ಪಕ್ಕದ ಊರಲ್ಲಿರುವ ನನ್ನ ಗೆಳತಿ ವಿಜಯಾ ಫೋನು ಮಾಡಿ, “ಪಾಪದ ಹೆಂಗಸಿಗೆ ಬರೀ ಸಾರು ಅನ್ನ ಹಾಕ್ತೀಯಾ ಮಾರಾಯ್ತಿ, ಒಂದು ದಿನ ಇಲ್ಲಿಗೆ ಕಳಿಸು, ಮೀನು ತಿನ್ನಲಿ,” ಅಂದಳು. ಮೀಟಿಂಗಿನಲ್ಲಿ ನಕ್ಕಿದ್ದ ಅಮ್ಮಂದಿರು ಈಗ ಸಾಲಾಗಿ ನಿಂತರು. ನಮ್ಮದು ದೊಡ್ಡ ಮನೆ, ಗೆಸ್ಟ್ ರೂಮಿದೆ, ಮುಂದಿನ ವಾರ ನಮ್ಮಲ್ಲಿರಲಿ ಎಂದರು. ಒಬ್ಬರಂತೂ, ಹೇಗೂ ಇರುತ್ತಾರಲ್ಲ, ಸಂಜೆ ನಮ್ಮ ಮಗನ ಗಣಿತ ಸ್ವಲ್ಪ ನೋಡಿಕೊಂಡರೆ ಆಯಿತು ಎಂದರು. ಟೀಚರನ್ನು ಮನೆಯಲ್ಲಿಟ್ಟುಕೊಳ್ಳುವುದು ಹೊಸ ಕಾರಿನ ಹಾಗೆ ಆಗಿಹೋಯಿತು. ನನಗೋ, ನಾನೇ ಮೊದಲು ಅನ್ನುವ ಹಮ್ಮು. ಕೊಂಬು ಮೂಡುವುದೊಂದು ಬಾಕಿ.

ಆ ಕೊಂಬು ಬಿದ್ದದ್ದು ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ.

ಒಂದು ಸಂಜೆ ಬಟ್ಟೆ ಹಾಕಲು ಹೋದೆ. ಡ್ರೈಯರಿಗೆ ಒರಗಿ, ನೆಲದ ಮೇಲೆ ಕೂತು, ಮಿಸ್ ಡೆಲ್ಗಾಡೊ ಬರ್ಗರು ತಿನ್ನುತ್ತಿದ್ದರು. ಕಣ್ಣು ಕೆಂಪಾಗಿತ್ತು. ನಾನು ಸಸ್ಯಾಹಾರದ ಮನೆಯವಳು, ಅವರಿಗೆ ಮೊದಲು ಬರ್ಗರಿನ ಬಗ್ಗೆಯೇ ಗಾಬರಿಯಾಯಿತು. ಹಿಂದೆ ಬಚ್ಚಿಡಲು ಹೋದರು. ನಾನು ಬುಟ್ಟಿ ಇಳಿಸಿ ಪಕ್ಕದಲ್ಲಿ ಕೂತೆ. ಊಟ ಹಿಡಿಸುತ್ತಿಲ್ಲವೇ ಎಂದು ಕೇಳಿದೆ. ಊಟ ಚೆನ್ನಾಗಿದೆ, ಎಲ್ಲ ಚೆನ್ನಾಗಿದೆ ಎಂದರು. ಬಚ್ಚಿಡಲು ಹೋದ ಬರ್ಗರನ್ನು ಮತ್ತೆ ಮುಂದಕ್ಕೆ ತಂದರು.

“ಅರ್ಧ ಗಂಟೆ ಯಾರ ಟೀಚರೂ ಅಲ್ಲದೆ ಇರಬೇಕು ಅನ್ನಿಸ್ತು,” ಎಂದರು. “ಅಷ್ಟೇ.”

ಆಮೇಲೆ ಅವರೇ ಮಾತಾಡಿದರು. ಮನೆಮನೆ ತಿರುಗುತ್ತಿದ್ದ ಆ ಹುಡುಗಿಯರ ಬಗ್ಗೆ ಪಾಠದಲ್ಲಿ ಊರವರ ಒಳ್ಳೆಯತನ ಇದೆ, ಬಿಸಿ ಬಿಸಿ ಸೂಪು ಇದೆ. ಚಿಲಕದ ವಿಷಯ ಇಲ್ಲ. ಯಾರದೋ ಮನೆಯಲ್ಲಿ, ಯಾರದೋ ಮಕ್ಕಳ ಜೊತೆ ಒಂದೇ ಹಾಸಿಗೆ. ಬೇಸರವಾದರೆ ಮುಖ ತೋರಿಸುವಂತಿಲ್ಲ, ಇಷ್ಟವಿಲ್ಲದ್ದನ್ನು ಬಿಡುವಂತಿಲ್ಲ. ಊಟ ಹಾಕಿದವರ ಮಗನಿಗೆ ಬೆಳಗ್ಗೆ ಕಡಿಮೆ ಮಾರ್ಕು ಕೊಡುವುದು ಹೇಗೆ? ಇಷ್ಟು ವರ್ಷ ಆ ಪಾಠ ಹೇಳಿದರೂ ಇದು ತಮಗೆ ಹೊಳೆದಿರಲಿಲ್ಲ ಎಂದರು.

ನಮ್ಮ ಹಾಲಿಗೆ ಬಾಗಿಲೇ ಇಲ್ಲ ಎನ್ನುವುದು ಆಗ ನನಗೆ ಹೊಳೆಯಿತು. ಆ ಹಾಲಿನಲ್ಲೇ ನಮ್ಮ ಟಿವಿ, ನಮ್ಮ ಫೋನು, ಫ್ರಿಜ್ಜಿಗೆ ಹೋಗುವ ದಾರಿ. ನಾನು ಅತಿಥಿಸತ್ಕಾರ ಮಾಡುತ್ತಿದ್ದೆ. ಅವರು ಗುರುವಾರ ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿದ್ದರು.

ಮನೆಗೆ ಬಂದು ಮಂಜುನಾಥನ ಹತ್ತಿರ ಇದನ್ನೆಲ್ಲ ಅಡಿಗೆಮನೆಯಲ್ಲಿ ಹೇಳಿದೆ. ನಿಧಿ ಕೇಳಿಸಿಕೊಂಡದ್ದು ಗೊತ್ತಾಗಲಿಲ್ಲ. ತಿರುಗಿ ನೋಡಿದರೆ ಅವಳು ದಿಂಬು, ಕಂಬಳಿ, ಬಟ್ಟೆಯ ಕರಡಿ ಎಳೆದುಕೊಂಡು ತನ್ನ ಕೋಣೆಯಿಂದ ಹಾಲಿಗೆ ಬರುತ್ತಿದ್ದಳು.

“ಶೀ ಕ್ಯಾನ್ ಹ್ಯಾವ್ ಮೈ ಡೋರ್,” ಅಂದಳು.

ರೂಮ್ ಅನ್ನಲಿಲ್ಲ. ಡೋರ್ ಅಂದಳು. ಹಲ್ಲುಜ್ಜಿದ್ದಕ್ಕೇ ಗಾಬರಿಯಾಗಿದ್ದ ಮಗು. ನಾನು ಫ್ರಿಜ್ಜಿನೊಳಗೆ ತಲೆ ಹಾಕಿ, ಇಲ್ಲದ ಕೊತ್ತಂಬರಿ ಸೊಪ್ಪು ಹುಡುಕಿದೆ.

ಅಂದಿನಿಂದ ಮಿಸ್ ಡೆಲ್ಗಾಡೊ ಚಾವಣಿಗೆ ಪ್ಲಾಸ್ಟಿಕ್ ನಕ್ಷತ್ರ ಅಂಟಿಸಿದ ಕೋಣೆಯಲ್ಲಿ, ಕಾಲು ಚಾಚಿದರೆ ಹೊರಗೆ ಬರುವ ಮಂಚದಲ್ಲಿ ಮಲಗಿದರು. ಬಾಗಿಲು ಹಾಕಿಕೊಂಡು. ಒಮ್ಮೊಮ್ಮೆ ಒಳಗಿನಿಂದ ಫೋನಿನಲ್ಲಿ ಸ್ಪ್ಯಾನಿಷಿನಲ್ಲಿ ಯಾರಿಗೋ ಬೈಯುವುದು, ಜೋರಾಗಿ ನಗುವುದು ಕೇಳಿಸುತ್ತಿತ್ತು. ಅಂಥ ನಗು ಅವರಲ್ಲಿದೆ ಎಂದು ನಮಗೆ ಗೊತ್ತೇ ಇರಲಿಲ್ಲ. ಮಂಜುನಾಥ ಮತ್ತೆ ಪಂಚೆಗೆ ಬಂದ. ಆ ಸೆಮಿಸ್ಟರಿನಲ್ಲಿ ನಿಧಿಗೆ ಸೋಶಿಯಲ್ ಸ್ಟಡೀಸಿನಲ್ಲಿ ಮೊದಲಿಗಿಂತ ಕಡಿಮೆ ಗ್ರೇಡು ಬಂತು. ನಮ್ಮ ಮನೆ ಅನ್ನ ತಿಂದೂ ಅವರು ಹಾಗೆ ಕೊಟ್ಟದ್ದು ನನಗೆ ಬಹಳ ಇಷ್ಟವಾಯಿತು. (ನಿಧಿಗೆ ಆಗಲಿಲ್ಲ.)

ಎಲ್ಲ ಸುಖಾಂತ್ಯ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ.

ಕಳೆದ ವಾರ ಅವರು ಕ್ಲಾಸಿನಲ್ಲಿ ಹೇಳಿದರು. ಈ ವರ್ಷ ಮುಗಿದ ಮೇಲೆ ಅವರು ಬರುವುದಿಲ್ಲ. ಗಿಲ್‌ರಾಯಿಯ ಶಾಲೆಯಲ್ಲೇ ಕೆಲಸ ಸಿಕ್ಕಿದೆ, ಅಲ್ಲೇ ಒಂದು ಪುಟ್ಟ ಮನೆ ನೋಡಿದ್ದಾರೆ. ನಿಧಿ ಮನೆಗೆ ಬಂದವಳೇ ಅತ್ತಳು. ಸಂಜೆ ಟೀಚರು ಬಂದಾಗ, ನಾವು ಚೆನ್ನಾಗಿ ನೋಡಿಕೊಳ್ಳಲಿಲ್ಲವಾ ಎಂದು ನೇರವಾಗಿ ಕೇಳಿಯೂ ಬಿಟ್ಟಳು. ನಾನು ಕೇಳಬಾರದೆಂದು ನಾಲಿಗೆ ಕಚ್ಚಿಕೊಂಡಿದ್ದ ಪ್ರಶ್ನೆ ಅದೇ.

ಅವರು ಅವಳ ಎದುರು ಮಂಡಿಯೂರಿ ಕೂತರು.

“ತುಂಬಾ ಚೆನ್ನಾಗಿ ನೋಡ್ಕೊಂಡ್ರಿ. ಆದ್ರೆ ನನಗೆ ಯಾರಿಗೂ ಥ್ಯಾಂಕ್ಸ್ ಹೇಳಬೇಕಾಗಿಲ್ಲದ ಒಂದು ಬಾಗಿಲು ಬೇಕು, ನಿಧಿ.”

ನಿಧಿ ಮೂಗೊರೆಸಿಕೊಂಡು ಯೋಚಿಸಿದಳು. ಓಕೆ ಅಂದಳು. ನಮಗಿಂತ ಬೇಗ ಅವಳಿಗೆ ಅರ್ಥವಾಯಿತು ಅನ್ನಿಸುತ್ತದೆ.

ನಿನ್ನೆ ಊಟಕ್ಕೆ ಕೂತಾಗ ಮಗಳು ಒಂದು ಘೋಷಣೆ ಹೊರಡಿಸಿದಳು. ದೊಡ್ಡವಳಾದ ಮೇಲೆ ಟೀಚರಾಗುತ್ತಾಳಂತೆ. ಇದೇ ಊರಲ್ಲಿ, ಇದೇ ಶಾಲೆಯಲ್ಲಿ. ಟೀಚರುಗಳಿಲ್ಲದ ಲೋಕ ಕಟ್ಟುವ ಕಂಪನಿಯ ಎಂಜಿನಿಯರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಈ ಊರಿನ ಬಾಡಿಗೆ ಅವನ ಕಣ್ಣ ಮುಂದೆ ಹಾದುಹೋಗಿರಬೇಕು. ಆಗ ಎಲ್ಲಿರ್ತೀಯ ಪುಟ್ಟಾ ಎಂದು ಕೇಳಿದ.

“ಇಲ್ಲೇ,” ಅಂದಳು ಹಪ್ಪಳ ಮುರಿಯುತ್ತ. “ವೇರ್ ಎಲ್ಸ್?”

ನೀವೇ ಹೇಳಿ, ಇದನ್ನು ಆಸೆ ಅನ್ನಬೇಕೋ, ಬೆದರಿಕೆ ಅನ್ನಬೇಕೋ?