ದೂರು ಪೆಟ್ಟಿಗೆಯ ಬೀಗದ ಕೈ

ಕತ್ರಿಗುಪ್ಪೆಯ ನಮ್ಮ ವಾರ್ಡಿನ ಮಕ್ಕಳ ರಕ್ಷಣಾ ಸಮಿತಿಗೆ ನನ್ನನ್ನು ಯಾಕೆ ಸೇರಿಸಿಕೊಂಡರೋ, ಇವತ್ತಿಗೂ ಅನುಮಾನ. ಯುವ ಪ್ರತಿನಿಧಿ ಒಬ್ಬ ಬೇಕಿತ್ತು, ಮಿಮಿಕ್ರಿ ಮಾಡಿಕೊಂಡು ಬಿಟ್ಟಿ ಸಿಕ್ಕಿದವನು ನಾನು. ನಾನು ಓದಿದ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರ ಗೊರಕೆ ಇರಲಿ, ಸೊಂಟದ ಕೀ ಗೊಂಚಲಿನ ಸದ್ದನ್ನೂ ನಾಲಿಗೆಯಲ್ಲೇ ಮಾಡಬಲ್ಲೆ.

ಆ ಶಾಲೆಯಲ್ಲಿ ದೂರು ಪೆಟ್ಟಿಗೆ ಇಡಿಸಿದ್ದು ನಾವೇ. ‘ಹೆಸರು ಬರೀಬೇಡಿ, ಯಾರೂ ಕೇಳಲ್ಲ’ ಅಂತ ತರಗತಿ ತರಗತಿಗೂ ಹೋಗಿ ಕೋತಿ ತರ ಕುಣಿದು ಮಾತು ಕೊಟ್ಟವನು ನಾನು. ಪೆಟ್ಟಿಗೆಯ ಕೀ ಯಾರ ಹತ್ತಿರ ಇರಬೇಕು ಅಂತ ಮಾತ್ರ ಒಬ್ಬರೂ ಯೋಚಿಸಲಿಲ್ಲ. ಅದು ತಾನಾಗಿಯೇ ಹೋಗಿ ಆ ಗೊಂಚಲು ಸೇರಿತು.

ಮೊದಲ ಸಭೆ ಶಾಲೆಯ ಆಫೀಸ್ ರೂಮಿನಲ್ಲಿ. ಪೆಟ್ಟಿಗೆ ತೆರೆದರೆ ಒಂದೇ ಚೀಟಿ. ವಾರ್ಡ್ ಆಫೀಸಿನ ಮೇಡಂ ಅದನ್ನು ನನ್ನ ಕೈಗಿಟ್ಟು, “ಓದಪ್ಪ, ನಾಟಕ ಬೇಡ” ಅಂದರು.

‘ಹುಡುಗಿಯರ ಟಾಯ್ಲೆಟ್‌ಗೆ ಬೀಗ ಹಾಕಿರ್ತಾರೆ. ಕೀ ಕೇಳಿದ್ರೆ ಎಲ್ಲರ ಮುಂದೆ ಯಾಕೆ ಅಂತಾರೆ. ಅದಕ್ಕೆ ನಾವು ನೀರೇ ಕುಡಿಯಲ್ಲ.’

ಹೆಡ್‌ಮಾಸ್ಟರು ಕೈ ಚಾಚಿದರು. “ಕೊಡು ಇಲ್ಲಿ. ಯಾರು ಅಂತ ಕರೆಸಿ ಕೇಳೋಣ, ಪಾಪ.”

“ಹೆಸರು ಕೇಳಲ್ಲ ಅಂದಿದ್ವಿ ಸಾರ್.”

“ಹೆಸರು ಯಾರಿಗೆ ಬೇಕು? ನಮ್ಮ ಮಕ್ಕಳ ಅಕ್ಷರ ನಂಗೆ ಗೊತ್ತಾಗಲ್ವಾ?”

ಆ ‘ಪಾಪ’ ನಿಜವಾದದ್ದೇ, ಭಯವಾಗಿದ್ದೂ ಅದಕ್ಕೇ. ಚೀಟಿಯನ್ನು ಮುಷ್ಟಿಯಲ್ಲಿ ಮುಚ್ಚಿದೆ. ಬೆವರಿಗೆ ಕಾಗದ ಮೆತ್ತಗಾಗುತ್ತಿತ್ತು.

“ನಡಾವಳಿಗೆ ಲಗತ್ತಿಸಬೇಕಲ್ಲಪ್ಪ” ಅಂದರು ಮೇಡಂ. ಆ ಫೈಲು ಇರೋದು ಹೆಡ್‌ಮಾಸ್ಟರ ಬೀರುವಿನಲ್ಲೇ.

“ಫೈಲಿಗೆ ನಾನೇ ನೋಡ್ಕೊಂಡು ನಕಲು ಬರೆದುಕೊಡ್ತೀನಿ ಮೇಡಂ. ಚೀಟಿ ನೀವೇ ಇಟ್ಕೊಳ್ಳಿ.”

ಬರೆದು ಕೊಟ್ಟೆ. ಹೆಡ್‌ಮಾಸ್ಟರು ಕನ್ನಡಕ ಏರಿಸಿ ನೋಡಿದರು. “ಇಷ್ಟು ಕೆಟ್ಟ ಅಕ್ಷರ ನಮ್ಮ ಶಾಲೇದಲ್ಲ.”

“ನಿಮ್ಮದೇ ಸಾರ್. ನೀವೇ ತಿದ್ದಿಸಿದ್ದು.”

ಅವರು ನಗಲಿಲ್ಲ. ಮೇಡಂ ಚೀಟಿಯನ್ನು ಕವರಿಗೆ ಹಾಕಿ ಅಂಟಿಸಿ ಬ್ಯಾಗಿಗಿಟ್ಟರು, ಪೆಟ್ಟಿಗೆಯ ಕೀಯನ್ನೂ ಕೇಳಿ ತೆಗೆದುಕೊಂಡರು. ಟೀ ಬಂತು, ಎಲ್ಲರೂ ಎದ್ದರು.

“ಇನ್ನೊಂದು ಕೀ, ಸಾರ್” ಅಂದೆ. ಮಿಮಿಕ್ರಿಯ ಯಾವ ದನಿಯೂ ನೆರವಿಗೆ ಬರಲಿಲ್ಲ, ಹೊರಟಿದ್ದು ನನ್ನದೇ ದನಿ. “ಟಾಯ್ಲೆಟ್‌ದು.”

ಟೀ ಬಿಟ್ಟು ಎಲ್ಲರೂ ಆ ಬಾಗಿಲಿಗೆ ಹೋದೆವು. ಹೆಡ್‌ಮಾಸ್ಟರು ಒಂದರ ಹಿಂದೆ ಒಂದು ಮೂರು ಕೀ ಹಾಕಿ ನೋಡಿದರು. ಯಾವುದು ಅಂತ ಅವರಿಗೇ ನೆನಪಿರಲಿಲ್ಲ. ಅಷ್ಟು ದಿನದಿಂದ ಯಾರೂ ಕೇಳಿರಲಿಲ್ಲ. ನಾಲ್ಕನೆಯದಕ್ಕೆ ಬೀಗ ಬಿಚ್ಚಿಕೊಂಡಿತು. ಬೀಗವನ್ನು ನಾನು ಜೇಬಿಗೆ ಹಾಕಿಕೊಂಡೆ.