ತ್ರಿಶಲಾ ಹಾಕಿದ ಮಾರ್ಕು

ಕರೋಶಿಯ ಬಾಪುಸಾಹೇಬರ ಮಗಳು ತ್ರಿಶಲಾಳಿಗೆ ಮಂದಿಯ ದಡ್ಡತನ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ದುರ್ದೈವ ನೋಡ್ರಿ, ಅದನ್ನೇ ದಿನವಿಡೀ ಓದುವ ನೌಕರಿ ಆಕೆಗೆ ಸಿಕ್ಕಿತ್ತು. ನಿಪ್ಪಾಣಿಯಲ್ಲಿ ಒಂದು ಹಳೇ ತಂಬಾಕು ಗೋದಾಮಿನ ಮೇಲಂತಸ್ತಿನಲ್ಲಿ ಆಕೆಯ ಕಂಪನಿ. ಈಗೆಲ್ಲ ಕಂಪ್ಯೂಟರ್ ಕೋಡು ಬರೆಯುವುದು ಎಐ ಏಜೆಂಟು. ಅದಕ್ಕೆ ನಮ್ಮ ಪದ್ಧತಿ ಹೀಗೆ, ಇದನ್ನು ಮುಟ್ಟು, ಅದನ್ನು ಮುಟ್ಟಬೇಡ ಎಂದು ಇಂಜಿನಿಯರುಗಳು ಒಂದು ಸೂಚನಾ ಫೈಲು ಬರೆದಿಡುತ್ತಾರೆ. ಏಜೆಂಟು ಕೆಲಸಕ್ಕೆ ಕೂರುವ ಮೊದಲು ಅದನ್ನು ಓದಿಕೊಳ್ಳುತ್ತದೆ. ಆ ಫೈಲು ನೆಟ್ಟಗಿದೆಯೋ ಇಲ್ಲವೋ ನೋಡಿ ಹತ್ತಕ್ಕೆ ಇಷ್ಟು ಎಂದು ಮಾರ್ಕು ಹಾಕುವುದು ತ್ರಿಶಲಾಳ ಕೆಲಸ.

ಮಾರ್ಕಿನ ವಿಷಯದಲ್ಲಿ ಆಕೆ ಕಡುಜಿಪುಣಿ. 'ನೀನು ಇಪ್ಪತ್ತು ವರ್ಷ ಅನುಭವವಿರುವ ನುರಿತ ಇಂಜಿನಿಯರ್' ಎಂದು ಶುರುವಾದ ಫೈಲಿಗೆ ಮೊದಲ ಸಾಲಿನಲ್ಲೇ ಕತ್ತರಿ. "ಮಷೀನಿಗೆ ಹೂವಿನ ಹಾರ ಹಾಕಿ ಏನ್ ಮಾಡ್ತಾರ್ರಿ ಇವರು, ಇಲೆಕ್ಷನ್‌ಗೆ ನಿಲ್ಲಿಸ್ತಾರೇನು?" ಎನ್ನುತ್ತಿದ್ದಳು. 'ತಪ್ಪು ಮಾಡಬೇಡ' ಎಂದು ಬರೆದವರನ್ನಂತೂ ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. "ತಪ್ಪು ಮಾಡಬ್ಯಾಡ ಅಂದಕೂಡ್ಲೆ ಎಲ್ಲಾರೂ ಬಿಡೂಹಂಗಿದ್ರ ಚಿಕ್ಕೋಡಿ ಕೋರ್ಟಿನಾಗ ವಕೀಲರು ನೊಣ ಹೊಡಕೋತ ಕುಂದರ್ತಿದ್ರು." ಆಫೀಸಿನವರು ಆಕೆ ಬರುವುದು ಕಂಡರೆ ಲ್ಯಾಪ್‌ಟಾಪ್ ಮುಚ್ಚುತ್ತಿದ್ದರು.

ಆದರೆ ಆಕೆಗೆ ನಿಜವಾಗಿ ಹೇಸಿಗೆ ಹುಟ್ಟಿಸುತ್ತಿದ್ದದ್ದು ಬೇರೆ. ಮೊದಲ ಪುಟದಲ್ಲಿ ಹಳೇ ಫೈಲು ಮುಟ್ಟಲೇಬೇಡ ಎಂದಿರುತ್ತದೆ, ನಾಲ್ಕನೇ ಪುಟದಲ್ಲಿ ಹಳೇದನ್ನೆಲ್ಲ ಸ್ವಚ್ಛ ಮಾಡು ಎಂದಿರುತ್ತದೆ. ಎರಡೂ ಎದುರಾದಾಗ ಯಾವುದು ಮೇಲು ಎಂದು ಒಬ್ಬ ಬೃಹಸ್ಪತಿಯೂ ಬರೆದಿರುವುದಿಲ್ಲ. ಆಗ ಏಜೆಂಟು ಜಗಳ ಆಡುವುದಿಲ್ಲ, ಕೇಳುವುದೂ ಇಲ್ಲ. ಸದ್ದಿಲ್ಲದೆ ಎರಡರಲ್ಲಿ ಒಂದನ್ನು ನುಂಗಿಕೊಂಡು, ಎಲ್ಲ ಸರಿಯಾಗಿದೆ ಎಂದು ವರದಿ ಕೊಡುತ್ತದೆ. "ಹಾಳಾಗಿದ್ದು ಆರು ತಿಂಗಳ ಮ್ಯಾಲ ಗೊತ್ತಾಗ್ತೈತಿ. ಅಲ್ಲೀತನಾ ಬರದಾಂವ ಮೀಸಿ ತಿರುವಿಕೋತ ಅಡ್ಡಾಡ್ತಾನ" ಎಂದು ತ್ರಿಶಲಾ ಹಲ್ಲು ಕಡಿಯುತ್ತಿದ್ದಳು.

ಇಂಥ ಹುಡುಗಿಗೆ ಗಂಡು ಹುಡುಕುವುದೆಂದರೆ ಬಾಪುಸಾಹೇಬರಿಗೆ ಸಾಕುಬೇಕಾಗಿತ್ತು. ಒಬ್ಬನಿಗೆ ಮಾತಿನ ಮೇಲೆ ಹಿಡಿತವಿಲ್ಲ, ಇನ್ನೊಬ್ಬನಿಗೆ ತಲೆಯೇ ಇಲ್ಲ ಎಂದು ಆಕೆ ಬಂದವರನ್ನೆಲ್ಲ ಸಾಗಹಾಕಿದ್ದಳು. ಕಡೆಗೆ ಜುಗೂಳದ ಜಯಪಾಲರ ಮಗ ಸುಜಯನ ಸಂಬಂಧ ಬಂತು. ಇವರ ಹಾಗೇ ಜೈನರು, ಹೊಳೆದಂಡೆಯ ಕಬ್ಬಿನ ಮನೆತನ. ಹುಡುಗ ಪುಣೆಯ ಸಾಫ್ಟ್‌ವೇರ್ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾನೆ, ಮೆತ್ತಗೆ ಮಾತಾಡುತ್ತಾನೆ. ಫೋಟೋ ನೋಡಿ ತ್ರಿಶಲಾಳಿಗೂ ಮನಸ್ಸಾಗಿತ್ತು, ಯಾಕೆ ಸುಳ್ಳು ಹೇಳಬೇಕು. ಹೆಣ್ಣು ನೋಡಲು ಬರುವವರು ಅವತ್ತೇ ಹೌದೋ ಅಲ್ಲೋ ಕೇಳಿಕೊಂಡು ಹೋಗುವವರಿದ್ದರು.

"ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೋಬೇ" ಎಂದು ಬಾಪುಸಾಹೇಬರು ಬೆಳಿಗ್ಗೆಯೇ ಕೈಮುಗಿದಿದ್ದರು.

ಮಧ್ಯಾಹ್ನ ಇಳಿದ ಮೇಲೆ ಗಂಡಿನ ಕಡೆಯವರು ಬಂದರು. ತಾಯಿ ಒಳಗಿನಿಂದ ಕಳಿಸಿದ ಶಿರಾ ಆಯಿತು, ಚಹಾ ಆಯಿತು. ಜಯಪಾಲರೂ ಬಾಪುಸಾಹೇಬರೂ ಕಬ್ಬಿನ ಮಾತು ತೆಗೆದು ಅಂಗಳಕ್ಕೆ ಹೋದರು. ಆಕೆಯ ಕೆಲಸ ಕೇಳಿದ ಸುಜಯ ಹಿಗ್ಗಿ, ತನ್ನ ಸೂಚನಾ ಫೈಲನ್ನು ಮೊಬೈಲಿನಲ್ಲಿ ತೆರೆದು ಆಕೆಯ ಮುಂದೆ ಹಿಡಿದ. ತ್ರಿಶಲಾ ಬೆರಳಿನಿಂದ ಸರಿಸುತ್ತ ಓದಿದಳು. ಅದು ಬೇಡ, ಇದು ಬೇಡ, ಹೇಳಿದಷ್ಟು ಮಾಡು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, ಪ್ರಶ್ನೆ ಕೇಳಬೇಡ.

"ಯಾಕ ಕೇಳಬಾರದ್ರಿ?"

"ಟೈಮ್ ಹಾಳಾಗ್ತದಲ್ರಿ. ಅಡ್ಜಸ್ಟ್ ಮಾಡ್ಕೋಬೇಕು ಅದು" ಎಂದು ನಕ್ಕ.

"ಹತ್ತಕ್ಕ ಎರಡು" ಎಂದಳು ತ್ರಿಶಲಾ. ಅವನು ಚೇಷ್ಟೆ ಎಂದುಕೊಂಡು ಮತ್ತೂ ನಕ್ಕ. ಫೈಲು ಬರೆಯಲು ಬಾರದವರು ಸಂಸಾರ ಮಾಡಬಾರದು ಅಂತೇನೂ ಇಲ್ಲವಲ್ಲ ಎಂದು ಆಕೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಆಮೇಲೆ ಸುಜಯನ ತಾಯಿ ಸುಗಂಧಾ ಸೆರಗು ಸರಿಮಾಡಿಕೊಂಡು ತಮ್ಮ ಮನೆಯ ರೀತಿ ಹೇಳತೊಡಗಿದರು. ನೀರು ಸೋಸಿಯೇ ಕುಡಿಯಬೇಕು. ನೆಲದ ಗಡ್ಡೆ ಒಳಗೆ ಬರುವ ಹಾಗಿಲ್ಲ. "ಹೊತ್ತು ಮುಳುಗಿದ ಮ್ಯಾಲ ನಮ್ಮಲ್ಲಿ ಹೆಣ್ಮಕ್ಕಳು ಬಾಯಾಗ ಒಂದು ಅಗಳು ಹಾಕೂದಿಲ್ಲವಾ. ಗಂಡಸರು ಹೊಲದಿಂದ ತಡಾ ಆಗಿ ಬರ್ತಾರ, ಅವರದು ನಡೀತೈತಿ. ಮತ್ತ ಗಂಡ ಉಣ್ಣೂದಕಿಂತ ಮೊದಲ ಹೆಂಡ್ತಿ ಉಣ್ಣೂ ಪದ್ಧತಿ ನಮ್ಮಲ್ಲಿಲ್ಲ."

ತ್ರಿಶಲಾಳ ಬಾಯಿಯ ಬೀಗ ಅಲ್ಲಿಗೆ ಮುರಿಯಿತು. ಆಫೀಸಿನಲ್ಲಿ ಕೇಳುವ ಧಾಟಿಯಲ್ಲೇ ಕೇಳಿದಳು. "ಕಾಕೂ, ನಿಮ್ಮ ಮನಿಯವರು ಹೊಲದಿಂದ ಎಷ್ಟೊತ್ತಿಗೆ ಬರ್ತಾರ?"

"ಕಬ್ಬಿನ ಸುಗ್ಗ್ಯಾಗ ಎಂಟು ಆಗ್ತೈತಿ."

"ಅವರಿಗಿಂತ ಮೊದಲ ಉಣ್ಣೂಹಂಗಿಲ್ಲ. ಹೊತ್ತು ಮುಳುಗಿದ ಮ್ಯಾಲೂ ಉಣ್ಣೂಹಂಗಿಲ್ಲ. ಮತ್ತ ನೀವು ಯಾವಾಗ ಉಣ್ತೀರಿ?"

ಸುಗಂಧಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಇಷ್ಟು ವರ್ಷ ಆ ಮನೆಯಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. "ನನಗ ರಾತ್ರಿ ಹಸಿವಿ ಆಗೂದಿಲ್ಲವಾ. ರೂಢಿ ಆಗೇತಿ" ಎಂದರು.

ಥೂ, ಎಂಥ ಮಂದಿ ಎಂದು ತ್ರಿಶಲಾಳಿಗೆ ಅನ್ನಿಸಿತು. ಇರುವೆಗೂ ನೋವಾಗಬಾರದು ಎಂದು ದೀಪ ಹಚ್ಚುವ ಮೊದಲು ಊಟ ಮುಗಿಸುವ ಧರ್ಮವಂತರು, ಕಣ್ಣೆದುರಿನ ಹೆಂಗಸು ದಿನಾ ಉಪವಾಸ ಬಿದ್ದದ್ದು ಕಾಣದವರು. ಹೊರಗೆ ನೋಡಿದಳು, ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಒಳಗೆ ಹೋಗಿ ಎರಡು ರೊಟ್ಟಿ, ಬದನೇಕಾಯಿ ಎಣಗಾಯಿ ತಾಟಿನಲ್ಲಿ ಹಾಕಿಕೊಂಡು ಬಂದು ಸುಗಂಧಾರ ಮುಂದಿಟ್ಟಳು. "ಹೊತ್ತು ಇನ್ನೂ ಮುಳುಗಿಲ್ಲ, ಉಣ್ರಿ ಕಾಕೂ."

ಸುಗಂಧಾ ತಾಟು ನೋಡಿದರು, ಬಾಗಿಲು ನೋಡಿದರು. ಅಂಗಳದಲ್ಲಿ ಜಯಪಾಲರ ಮಾತು ಈಗ ಕಾರ್ಖಾನೆಯ ತೂಕಕ್ಕೆ ಬಂದಿತ್ತು. ಅವರು ರೊಟ್ಟಿಗೆ ಕೈ ಹಾಕಿ ಒಂದು ತುತ್ತು ಮುರಿದರು.

"ಆಯಿ, ಅಪ್ಪಾ ಇನ್ನೂ ಉಂಡಿಲ್ಲಲ್ಲ" ಎಂದ ಸುಜಯ. ಸಿಟ್ಟಿನಿಂದಲ್ಲ. ಮೆತ್ತಗೇ ಅಂದ.

ಮುರಿದ ತುತ್ತು ತಾಟಿಗೆ ವಾಪಸು ಹೋಯಿತು. ಗೋಡೆಯ ಮೇಲಿನ ಬಿಸಿಲು ಜಾರುವವರೆಗೂ ಆ ತಾಟು ಅಲ್ಲೇ ಇತ್ತು.

ಅವರು ಹೊರಡುವಾಗ ತ್ರಿಶಲಾ ನೇರವಾಗಿ, "ನನಗ ಈ ಸಂಬಂಧ ಬ್ಯಾಡ್ರಿ" ಎಂದಳು. ಜಯಪಾಲರು ಇಂಥ ಬಾಯಿಬಡಕಿ ತಮಗೂ ಬೇಡ ಎಂದು ಗಾಡಿ ಹತ್ತಿದರು. ಬಾಪುಸಾಹೇಬರು ಕುರ್ಚಿಯಲ್ಲಿ ಕುಸಿದರು. ತ್ರಿಶಲಾ ಹೊತ್ತು ಮುಳುಗುವ ಮೊದಲು ಒಳಗೆ ಹೋಗಿ ಉಂಡು ಬಂದಾಗಲೂ ಅವರು ಅಲ್ಲೇ ಇದ್ದರು.

"ಅಂಥಾ ಏನ್ ತಪ್ಪು ಕಂಡಿತ ನಿನಗ?"

ತ್ರಿಶಲಾ ಅಡ್ಡಾಡುತ್ತ ಬೈಗುಳದ ಸುರಿಮಳೆ ಸುರಿಸಿದಳು. ತಾಯಿಯ ಹೊಟ್ಟೆ ಕಾಣದ ಮಗ ಅದಾವ ಮಗ, ಹೆಂಗಸು ಉಂಡಳೋ ಇಲ್ಲವೋ ನೋಡದ ಮನೆ ಅದಾವ ಮನೆತನ, ಜುಗೂಳದ ಹೊಳೆಗೆ ಹಾಕಬೇಕು ಅವರ ರೀತಿಯನ್ನು. ಬಾಪುಸಾಹೇಬರು ತಲೆ ತಗ್ಗಿಸಿ ಕೇಳಿಸಿಕೊಂಡರು. ಕೇಳಿ ಕೇಳಿ ಸಾಕಾಗಿ, "ಆತು ಬಿಡು. ಹಸಿವಿ ಆಗೇತಿ, ಉಣ್ಣಾಕ ಹಾಕ್ರಿ" ಎಂದರು. ಸಂತೆ, ಸೊಸೈಟಿ ಎಂದು ಸುತ್ತುವ ಅವರಿಗೆ ಕತ್ತಲಾದ ಮೇಲಿನ ಊಟ ಹೊಸದೇನೂ ಆಗಿರಲಿಲ್ಲ.

ಒಳಗಿನಿಂದ ತ್ರಿಶಲಾಳ ತಾಯಿ ಅಕ್ಕುತಾಯಿ ತಾಟು ತಂದರು. ಒಂದೇ ತಾಟು. ದೀಪ ಹಚ್ಚಿ ಆಗಲೇ ಬಹಳ ಹೊತ್ತಾಗಿತ್ತು.

ತ್ರಿಶಲಾ ಅಡ್ಡಾಡುವುದು ನಿಲ್ಲಿಸಿದಳು. ಅಡುಗೆಮನೆಗೆ ಹೋಗಿ ನೋಡಿದಳು. ಸಂಜೆ ಬೆಳಕಿರುವಾಗಲೇ ತಾನು ಉಂಡ ತಾಟು ಮೋರಿಯಲ್ಲಿತ್ತು. ತಾಯಿಯ ತಾಟು ತೊಳೆದು ಬೋರಲು ಹಾಕಿದ್ದು ಮಧ್ಯಾಹ್ನದಿಂದ ಹಾಗೇ ಒಣಗಿತ್ತು.

"ಅವ್ವಾ, ನೀ ಉಂಡಿ ಏನು?"

"ನನಗ ರಾತ್ರಿ ಹಸಿವಿ ಆಗೂದಿಲ್ಲ ಬೇ" ಎಂದರು ಅಕ್ಕುತಾಯಿ, ಗಂಡನಿಗೆ ಇನ್ನೊಂದು ರೊಟ್ಟಿ ಬಡಿಸುತ್ತ. "ನಿನಗ ಗೊತ್ತಿಲ್ಲೇನು?"